ಫ್ಯಾಕ್ ಆಂಟಿಬಾಡಿ ಬದಲಿಸುವ ಮೊದಲು ಟ್ರಿಪ್ಸಿನ್ ಬಾಟಲಿ ಪಕ್ಕಕ್ಕಿಡಿ

ಪ್ರಶ್ನೆ: ಸೆಲ್‌ಗಳು ಅಂಟಿಕೊಳ್ಳುವಾಗ ನಡೆಯುವ ಸಿಗ್ನಲಿಂಗ್ ನೋಡಲು ಫೋಕಲ್ ಅಡ್ಹೀಶನ್ ಕೈನೇಸ್ (ಕೈನೇಸ್ ಅಂದರೆ ಫಾಸ್ಫೇಟ್ ಸೇರಿಸುವ ಎನ್‌ಜೈಮ್), ಅಂದರೆ ಫ್ಯಾಕ್ ಪ್ರೋಟೀನಿನ ಒಂದು ಫಾಸ್ಫೋ ಆಂಟಿಬಾಡಿ ತರಿಸಿದ್ದೇವೆ. ಅದರ 397ನೇ ಅಮೈನೋ ಆಮ್ಲವಾದ ಟೈರೋಸಿನ್‌ಗೆ ಫಾಸ್ಫೇಟ್ ಸೇರಿದ್ದರೆ ಮಾತ್ರ ಹಿಡಿಯುತ್ತದೆ ಅಂತ ಡೇಟಾಶೀಟ್ ಹೇಳುತ್ತದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) 125 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಬರುತ್ತದೆ, ಆದರೆ ತೆಳು. ಕೆಳಗೆ 85ರ ಹತ್ತಿರ ಇನ್ನೊಂದು ಬ್ಯಾಂಡ್ ಇದೆ. ಫ್ಯಾಕ್ ಅನ್ನು ತಡೆಯುವ ಇನ್ಹಿಬಿಟರ್ ಹಾಕಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಸೆಲ್‌ಗಳನ್ನು ಟ್ರಿಪ್ಸಿನ್ ಹಾಕಿ ಎಬ್ಬಿಸಿ, ಪೆಲೆಟ್ ಮಾಡಿ, ರಿಪಾ ಬಫರ್‌ನಲ್ಲಿ ಲೈಸಿಸ್ ಮಾಡುತ್ತೇನೆ, ಅಂದರೆ ಸೆಲ್ ಒಡೆದು ಪ್ರೋಟೀನ್ ಹೊರತೆಗೆಯುತ್ತೇನೆ. ಆಂಟಿಬಾಡಿ ಕೆಟ್ಟದ್ದಾ? ಬೇರೆ ಕಂಪನಿಯದ್ದು ತರಿಸಬೇಕಾ?

ಉತ್ತರ: ಸದ್ಯಕ್ಕಂತೂ ಬೇಡ. "ಟ್ರಿಪ್ಸಿನ್ ಹಾಕಿ ಎಬ್ಬಿಸಿ, ಪೆಲೆಟ್ ಮಾಡಿ" ಅಂತ ಬರೆದಿದ್ದೀರಲ್ಲ, ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ. ನಿಮ್ಮ ನಾಲ್ಕು ದೂರುಗಳಲ್ಲಿ ಮೂರಕ್ಕೆ ಆ ಒಂದು ಹೆಜ್ಜೆಯೇ ಕಾರಣ ಆಗಿರಬಹುದು. ನಾಲ್ಕನೆಯದಕ್ಕೂ ಅದರ ಕೈ ಇಲ್ಲ ಅಂತ ಹೇಳಲಾಗದು.

ಯಾಕೆ ಅಂತ ಹೇಳುತ್ತೇನೆ. ಫ್ಯಾಕ್ ಚುರುಕಾಗುವುದೇ ಸೆಲ್ ನೆಲಕ್ಕೆ ಕಚ್ಚಿಕೊಂಡಾಗ. ಸೆಲ್‌ನ ಹೊರಗೆ ಫೈಬ್ರೊನೆಕ್ಟಿನ್, ಕೊಲಾಜೆನ್ ಇಂಥವು ಇರುತ್ತವೆ, ಅವುಗಳನ್ನು ಸೆಲ್ ಮೇಲ್ಮೈಯ ಇಂಟೆಗ್ರಿನ್ ಪ್ರೋಟೀನ್‌ಗಳು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದುಕೊಂಡ ಜಾಗದಲ್ಲಿ ಒಳಗಡೆ ಫ್ಯಾಕ್ ಬಂದು ಸೇರುತ್ತದೆ. ಸುಮ್ಮನಿರುವಾಗ ಫ್ಯಾಕ್‌ನ ಮುಂಭಾಗದ ಫರ್ಮ್ ಡೊಮೇನ್ ಮಡಚಿಕೊಂಡು ಕೈನೇಸ್ ಡೊಮೇನಿನ ಮೇಲೆ ಕೂತಿರುತ್ತದೆ. 2007ರಲ್ಲಿ ಬಂದ ಕ್ರಿಸ್ಟಲ್ ರಚನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸೆಲ್ ಅಂಟಿಕೊಂಡಾಗ ಈ ಮಡಿಕೆ ಬಿಚ್ಚಿಕೊಳ್ಳುತ್ತದೆ, ಆಗ ಫ್ಯಾಕ್ ತನ್ನದೇ 397ನೇ ಟೈರೋಸಿನ್‌ಗೆ ಫಾಸ್ಫೇಟ್ ಸೇರಿಸಿಕೊಳ್ಳುತ್ತದೆ. ಆ ಗುರುತು ಹಿಡಿದು ಸಾರ್ಕ್ ಕೈನೇಸ್ ಬಂದು ಕೂರುತ್ತದೆ, ಕೂತು ಫ್ಯಾಕ್‌ನ 576 ಮತ್ತು 577ಕ್ಕೆ ಫಾಸ್ಫೇಟ್ ಹಾಕುತ್ತದೆ, ಆಮೇಲೆ ಕೈನೇಸ್ ಪೂರ್ತಿ ಚುರುಕಾಗುತ್ತದೆ. 397 ಅಂದರೆ ಇಡೀ ಸರಪಳಿಯ ಮೊದಲ ಕೊಂಡಿ. ಅದಕ್ಕೇ ಎಲ್ಲರೂ ಅದನ್ನೇ ಅಳೆಯುತ್ತಾರೆ.

ಈಗ ಟ್ರಿಪ್ಸಿನ್ ಏನು ಮಾಡುತ್ತದೆ ನೋಡಿ. ಸೆಲ್ ಯಾವುದನ್ನು ಹಿಡಿದುಕೊಂಡಿದೆಯೋ ಆ ಹಿಡಿತವನ್ನೇ ಕಡಿಯುತ್ತದೆ. ಸೆಲ್ ದುಂಡಗಾಗಿ ಮೇಲೆದ್ದ ಕ್ಷಣದಿಂದ 397ರ ಫಾಸ್ಫೇಟ್ ಇಳಿಯಲು ಶುರು. ನೀವು ಟ್ರಿಪ್ಸಿನ್ ನಿಲ್ಲಿಸಿ, ಟ್ಯೂಬ್‌ಗೆ ಹಾಕಿ, ಸೆಂಟ್ರಿಫ್ಯೂಜ್ ಖಾಲಿ ಆಗಲಿ ಅಂತ ಕಾದು, ತಿರುಗಿಸಿ, ತೊಳೆದು, ಮತ್ತೆ ತಿರುಗಿಸಿ ಬಫರ್ ಹಾಕುವ ಹೊತ್ತಿಗೆ ನೀವು ಅಳೆಯಬೇಕು ಅಂದುಕೊಂಡ ಸಂಗತಿಯ ಬಹುಪಾಲು ಹೋಗಿರುತ್ತದೆ. ಒಂದು ದಿನ ಬೇಗ ಮುಗಿಸುತ್ತೀರಿ, ಇನ್ನೊಂದು ದಿನ ತಡವಾಗುತ್ತದೆ. ಒಂದು ಸಲದ ಹಾಗೆ ಇನ್ನೊಂದು ಸಲ ಬರುವುದು ಹೇಗೆ? ಇನ್ಹಿಬಿಟರ್ ಹಾಕದ ಸ್ಯಾಂಪಲ್‌ನಲ್ಲೇ ಫಾಸ್ಫೇಟ್ ನೆಲ ಕಚ್ಚಿದ್ದರೆ ಇನ್ಹಿಬಿಟರ್ ಇನ್ನೇನನ್ನು ಇಳಿಸಬೇಕು? ಬ್ಯಾಂಡ್ ತೆಳು ಅಂತ ನೀವು ಎಕ್ಸ್‌ಪೋಷರ್ ಜಾಸ್ತಿ ಮಾಡುತ್ತೀರಿ. ಆಗ ಹಿನ್ನೆಲೆಯ ಬೇಡದ ಬ್ಯಾಂಡ್‌ಗಳೆಲ್ಲ ಎದ್ದು ನಿಲ್ಲುತ್ತವೆ. ಬೈಗುಳ ಮಾತ್ರ ಆಂಟಿಬಾಡಿಗೆ.

ಹಾಗಾಗಿ ಡಿಶ್‌ನಲ್ಲೇ ಲೈಸಿಸ್ ಮಾಡಿ. ಡಿಶ್ ಅನ್ನು ಐಸ್ ಮೇಲೆ ಇಡಿ. ಮೀಡಿಯಾ ತೆಗೆದು, ತಣ್ಣಗಿನ ಪಿಬಿಎಸ್‌ನಲ್ಲಿ ಚಕಚಕನೆ ತೊಳೆಯಿರಿ. ಡಿಶ್ ಓರೆ ಮಾಡಿ ಕೊನೆಯ ಹನಿಯನ್ನೂ ಹೀರಿ ತೆಗೆಯಿರಿ, ಇಲ್ಲದಿದ್ದರೆ ಬಫರ್ ತೆಳುವಾಗುತ್ತದೆ. ಬಫರ್ ಹಾಕಿ, ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಒಂದು ಸಲಕ್ಕೆ ಎರಡು ಮೂರು ಡಿಶ್ ಸಾಕು. ಹನ್ನೆರಡು ಡಿಶ್ ಸಾಲಾಗಿ ಇಟ್ಟುಕೊಂಡರೆ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಕಾಲದ ಅಂತರ ಬಂದುಬಿಡುತ್ತದೆ, ಆಮೇಲೆ ಅದೇ ನಿಮ್ಮ "ರಿಸಲ್ಟ್" ಆಗಿ ಕೂರುತ್ತದೆ.

ಇನ್ನು ಬಫರ್ ವಿಷಯ. ರಿಪಾ ಸರಿ, ಆದರೆ ಅದರಲ್ಲಿ ಟೈರೋಸಿನ್ ಫಾಸ್ಫಟೇಸ್‌ಗಳನ್ನು, ಅಂದರೆ ಟೈರೋಸಿನ್‌ನಿಂದ ಫಾಸ್ಫೇಟ್ ಕಿತ್ತುಹಾಕುವ ಎನ್‌ಜೈಮ್‌ಗಳನ್ನು, ತಡೆಯಲು ಏನು ಹಾಕುತ್ತೀರಿ ಅಂತ ನೀವು ಬರೆದಿಲ್ಲ. ಸೋಡಿಯಂ ಫ್ಲೋರೈಡ್ ಒಂದೇ ಹಾಕಿದ್ದರೆ ಉಪಯೋಗವಿಲ್ಲ, ಅದು ಸೆರೀನ್, ಥ್ರಿಯೋನಿನ್ ಕಡೆಯ ಫಾಸ್ಫಟೇಸ್‌ಗಳಿಗೆ. ನಿಮಗೆ ಬೇಕಾದದ್ದು ಸೋಡಿಯಂ ಆರ್ಥೋವನಡೇಟ್, ಕೊನೆಯಲ್ಲಿ 1 ಮಿಲಿಮೋಲಾರ್ ಆಗುವಂತೆ. ಇಲ್ಲಿ ಬಹಳ ಜನ ಎಡವುವ ಒಂದು ಹೆಜ್ಜೆ ಇದೆ. ವನಡೇಟ್ ಪುಡಿಯನ್ನು ನೀರಿಗೆ ಹಾಕಿ ಕಲಕಿದರೆ ಕೆಲಸ ಆಗುವುದಿಲ್ಲ. ಅದರ ಅಣುಗಳು ಒಂದಕ್ಕೊಂದು ಸೇರಿ ಗುಂಪುಗಟ್ಟುತ್ತವೆ, ಆ ರೂಪದಲ್ಲಿ ಫಾಸ್ಫಟೇಸ್ ತಡೆಯುವ ಶಕ್ತಿ ಇರುವುದಿಲ್ಲ. 200 ಮಿಲಿಮೋಲಾರ್ ದ್ರಾವಣ ಮಾಡಿ, ಪಿಎಚ್ 10ಕ್ಕೆ ತನ್ನಿ. ಹಳದಿ ಬಣ್ಣ ಬರುತ್ತದೆ, ಗುಂಪುಗಟ್ಟಿದ್ದರ ಗುರುತು ಅದೇ. ಬಣ್ಣ ಹೋಗಿ ನೀರಿನ ಹಾಗೆ ಆಗುವ ತನಕ ಕುದಿಸಿ. ತಣ್ಣಗಾದ ಮೇಲೆ ಪಿಎಚ್ ನೋಡಿದರೆ ಸರಿದಿರುತ್ತದೆ, ಮತ್ತೆ 10ಕ್ಕೆ ತನ್ನಿ, ಮತ್ತೆ ಹಳದಿ ಬಂದರೆ ಮತ್ತೆ ಕುದಿಸಿ. ಬಣ್ಣವೂ ಬರದೆ ಪಿಎಚ್ ಕೂಡ ನಿಂತಲ್ಲೇ ನಿಲ್ಲುವ ತನಕ ಇದೇ ಕೆಲಸ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಒಮ್ಮೆ ಮಾಡಿ ಚಿಕ್ಕ ಚಿಕ್ಕ ಟ್ಯೂಬ್‌ಗಳಲ್ಲಿ ಮೈನಸ್ 20ರಲ್ಲಿ ಇಟ್ಟರೆ ಬಹಳ ದಿನ ಬರುತ್ತದೆ. ಇನ್ನೊಂದು ಮಾತು, ಇಡಿಟಿಎ ಮತ್ತು ಡಿಟಿಟಿ ಎರಡೂ ವನಡೇಟ್‌ನ ಕೆಲಸ ಕೆಡಿಸುತ್ತವೆ. ನಿಮ್ಮ ರಿಪಾ ಪಾಕದಲ್ಲಿ ಇಡಿಟಿಎ ಇದೆಯಾ, ಪ್ರೋಟಿಯೇಸ್ ಇನ್ಹಿಬಿಟರ್ ಮಾತ್ರೆಯಲ್ಲಿ ಇದೆಯಾ, ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಒಂದು ಅಡ್ಡದಾರಿ ಇದೆ, ನನಗೆ ಇಷ್ಟವಾದದ್ದೂ ಅದೇ. ಶೇಕಡಾ 1 ಎಸ್‌ಡಿಎಸ್ ಇರುವ ಟ್ರಿಸ್ ಬಫರ್ ಅನ್ನು ಚೆನ್ನಾಗಿ ಬಿಸಿ ಮಾಡಿ ನೇರ ಡಿಶ್‌ಗೆ ಸುರಿಯಿರಿ, ಕೆರೆದು ಟ್ಯೂಬ್‌ಗೆ ಹಾಕಿ, 95 ಡಿಗ್ರಿಯಲ್ಲಿ 5 ನಿಮಿಷ ಇಡಿ. ಫಾಸ್ಫಟೇಸ್, ಪ್ರೋಟಿಯೇಸ್ ಎಲ್ಲವೂ ಅಲ್ಲೇ ಸತ್ತವು, ಯಾವ ಇನ್ಹಿಬಿಟರ್‌ನ ಹಂಗೂ ಇಲ್ಲ. ಡಿಎನ್ಎ ಹೊರಬಂದು ಲೋಳೆಯಾಗುತ್ತದೆ, ಸೊನಿಕೇಟ್ ಮಾಡಿ ಅಥವಾ ಸಣ್ಣ ಸೂಜಿಯಲ್ಲಿ ಎಳೆದು ಬಿಡಿ. ಬಣ್ಣ ಮತ್ತು ಮರ್ಕಾಪ್ಟೋಎಥನಾಲ್ ಇನ್ನೂ ಹಾಕಿರದಿದ್ದರೆ ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳೆಯಬಹುದು. ಇಮ್ಯುನೊಪ್ರೆಸಿಪಿಟೇಶನ್ (ಆಂಟಿಬಾಡಿಯಿಂದ ಒಂದು ಪ್ರೋಟೀನನ್ನು ಸೆಳೆದು ತೆಗೆಯುವುದು) ಮಾಡಬೇಕಿದ್ದರೆ ಮಾತ್ರ ಈ ದಾರಿ ಹೊಂದುವುದಿಲ್ಲ.

85ರ ಬ್ಯಾಂಡ್‌ಗೆ ಬರೋಣ. ಇದು ಆಂಟಿಬಾಡಿಯ ತಪ್ಪು ಹಿಡಿತ ಅಂತ ಸುಮ್ನೆ ತಳ್ಳಿಹಾಕಬೇಡಿ. ಮನುಷ್ಯರ ಫ್ಯಾಕ್‌ನಲ್ಲಿ 1052 ಅಮೈನೋ ಆಮ್ಲಗಳಿವೆ. ಸೆಲ್ ಸಾಯಲು ಹೊರಟಾಗ ಕ್ಯಾಸ್ಪೇಸ್ ಅನ್ನುವ ಪ್ರೋಟೀನ್ ಕಡಿಯುವ ಎನ್‌ಜೈಮ್‌ಗಳು ಅದನ್ನು 772ರ ಬಳಿ ಕಡಿಯುತ್ತವೆ. ಮುಂಭಾಗದ ತುಂಡಿನ ತೂಕ ಹೆಚ್ಚುಕಡಿಮೆ 85 ಕಿಲೋಡಾಲ್ಟನ್. 397 ಇರುವುದು ಆ ತುಂಡಿನಲ್ಲೇ, ಹಾಗಾಗಿ ನಿಮ್ಮ ಆಂಟಿಬಾಡಿ ಅದನ್ನು ಹಿಡಿದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಕ್ಯಾಲ್ಪೇನ್ ಅನ್ನುವ ಇನ್ನೊಂದು ಎನ್‌ಜೈಮ್ ಕೂಡ ಅದೇ ಆಸುಪಾಸಿನಲ್ಲಿ ಕಡಿಯುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಡಿಶ್‌ನಲ್ಲಿ ತೇಲುತ್ತಿರುವ ಸತ್ತ ಸೆಲ್‌ಗಳು ಜಾಸ್ತಿ ಇದ್ದವಾ? ಸೆಲ್‌ಗಳು ತುಂಬಿ ತುಳುಕುವಷ್ಟು ಬೆಳೆದಿದ್ದವಾ? ಇನ್ಹಿಬಿಟರ್ ಹಾಕಿದ ಲೇನ್‌ನಲ್ಲಿ ಈ ಬ್ಯಾಂಡ್ ದಪ್ಪವಾಗುತ್ತದಾ? ದಪ್ಪವಾಗುತ್ತಿದ್ದರೆ ಡೋಸ್ ವಿಪರೀತ ಆಗಿ ಸೆಲ್‌ಗಳು ಸಾಯುತ್ತಿರಬಹುದು. ಪೆಲೆಟ್ ಸರಿಯಾಗಿ ತೊಳೆಯದೆ ಟ್ರಿಪ್ಸಿನ್ ಉಳಿದಿದ್ದರೆ ಅದೂ ಲೈಸೇಟ್‌ನಲ್ಲಿ ಕೂತು ಕಡಿಯುತ್ತಾ ಹೋಗುತ್ತದೆ. ಟ್ರಿಪ್ಸಿನ್ ಬಿಟ್ಟ ಮೇಲೆ ಈ ಬ್ಯಾಂಡ್ ಕಾಣೆಯಾದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಎರಡು ಒಟ್ಟು ಫ್ಯಾಕ್ ಆಂಟಿಬಾಡಿಗಳು (ಫಾಸ್ಫೇಟ್ ಇರಲಿ ಬಿಡಲಿ ಫ್ಯಾಕ್ ಅನ್ನು ಹಿಡಿಯುವಂಥವು) ಇದ್ದರೆ ಒಳ್ಳೆಯದು, ಒಂದು ಪ್ರೋಟೀನಿನ ಮುಂಭಾಗ ಹಿಡಿಯುವಂಥದ್ದು, ಇನ್ನೊಂದು ಬಾಲ ಹಿಡಿಯುವಂಥದ್ದು. ಮುಂಭಾಗದ್ದಕ್ಕೆ 85 ಕಾಣಬೇಕು, ಬಾಲದ್ದಕ್ಕೆ ಕಾಣಬಾರದು. ಬಾಲ ಹಿಡಿಯುವ ಆಂಟಿಬಾಡಿಯಲ್ಲಿ ಒಂದು ಚಮತ್ಕಾರ ಇದೆ. ಕೆಲವು ಬಗೆಯ ಸೆಲ್‌ಗಳಲ್ಲಿ ಫ್ಯಾಕ್‌ನ ಬಾಲದ ಭಾಗ ಮಾತ್ರ ಬೇರೆಯೇ ಪ್ರೋಟೀನ್ ಆಗಿ ತಯಾರಾಗುತ್ತದೆ, ಅದರ ಹೆಸರು ಎಫ್‌ಆರ್‌ಎನ್‌ಕೆ, ತೂಕ 41ರಿಂದ 43ರ ಸುತ್ತ. ಅಲ್ಲಿ ಬ್ಯಾಂಡ್ ಬಂದರೆ ಗಾಬರಿ ಬೇಡ. ಅದಕ್ಕೆ ಕೈನೇಸ್ ಭಾಗವೂ ಇಲ್ಲ, 397ನೂ ಇಲ್ಲ, ಹಾಗಾಗಿ ನಿಮ್ಮ ಫಾಸ್ಫೋ ಬ್ಲಾಟ್‌ನಲ್ಲಿ ಅದು ಬರುವ ಹಾಗಿಲ್ಲ.

ನಿಜಕ್ಕೂ ಆಂಟಿಬಾಡಿಯನ್ನೇ ಅನುಮಾನಿಸಬೇಕಾದ ಜಾಗ ಒಂದಿದೆ. ಅದರ ಹೆಸರು ಪೈಕ್2. ಇದು ಫ್ಯಾಕ್‌ನ ಹತ್ತಿರದ ದಾಯಾದಿ, ತೂಕ 116ರ ಸುತ್ತ, ಅಂದರೆ 125ರ ಪಕ್ಕದಲ್ಲೇ. ಫ್ಯಾಕ್‌ನಲ್ಲಿ 397 ಇದ್ದ ಹಾಗೆ ಇದರಲ್ಲಿ 402ನೇ ಟೈರೋಸಿನ್ ಇದೆ. ಎರಡರಲ್ಲೂ ಆ ಟೈರೋಸಿನ್ ಆದ ತಕ್ಷಣ ಅಲನೀನ್, ಗ್ಲುಟಮೇಟ್, ಐಸೊಲ್ಯೂಸಿನ್ ಬರುತ್ತವೆ, ಅದೇ ಕ್ರಮದಲ್ಲಿ. ಫಾಸ್ಫೋ ಆಂಟಿಬಾಡಿ ತಯಾರಿಸುವುದು ಈ ಜಾಗದ ಪುಟ್ಟ ಪೆಪ್ಟೈಡ್ ಕೊಟ್ಟು. ಪೆಪ್ಟೈಡ್ ಅಷ್ಟು ಹೋಲುವಾಗ ಆಂಟಿಬಾಡಿ ಎರಡನ್ನೂ ಹಿಡಿದರೆ ಅಚ್ಚರಿ ಏನು? ಪೈಕ್2 ಜಾಸ್ತಿ ಇರುವ ಸೆಲ್‌ಗಳಲ್ಲಿ, ಅಂದರೆ ನರಕೋಶ, ರಕ್ತಕೋಶದ ವಂಶದವುಗಳಲ್ಲಿ, ಇದು ದೊಡ್ಡ ತಲೆನೋವು. ನಿಮ್ಮ ಇನ್ಹಿಬಿಟರ್ ಫ್ಯಾಕ್ ಅನ್ನು ಮಾತ್ರ ಚೆನ್ನಾಗಿ ತಡೆದು ಪೈಕ್2ವನ್ನು ಬಿಟ್ಟರೆ ಬ್ಯಾಂಡ್ ಪೂರ್ತಿ ಇಳಿಯದೇ ಇರುವುದಕ್ಕೆ ಅದೂ ಒಂದು ಕಾರಣ.

ಫ್ಯಾಕ್ ಇಲ್ಲದ ಸೆಲ್ ತಂದು ಪರೀಕ್ಷಿಸಿದರೆ ಆಯಿತು ಅಂತ ನೀವು ಹೇಳಬಹುದು. ಒಳ್ಳೆಯ ಯೋಚನೆ, ಆದರೆ ಅಲ್ಲೂ ಒಂದು ತಿರುವು ಇದೆ. ಫ್ಯಾಕ್ ಜೀನ್ ತೆಗೆದ ಇಲಿಮರಿಗಳು ಭ್ರೂಣದ ಹಂತದಲ್ಲೇ ಸಾಯುತ್ತವೆ ಅಂತ 1995ರಲ್ಲಿ ತೋರಿಸಿದರು, ಅಂಥ ಭ್ರೂಣಗಳಿಂದ ಬೆಳೆಸಿದ ಫೈಬ್ರೊಬ್ಲಾಸ್ಟ್‌ಗಳನ್ನು ಈಗಲೂ ಪ್ರಯೋಗಾಲಯಗಳಲ್ಲಿ ಬಳಸುತ್ತಾರೆ. ಫ್ಯಾಕ್ ಇಲ್ಲದ ಆ ಸೆಲ್‌ಗಳಲ್ಲಿ ಪೈಕ್2 ಏರಿರುತ್ತದೆ! ಹಾಗಾಗಿ "ಫ್ಯಾಕ್ ಇಲ್ಲದಿದ್ದರೂ ಬ್ಯಾಂಡ್ ಬಂತು" ಅಂತ ಕೂಗುವ ಮೊದಲು ಬ್ಯಾಂಡ್ 125ರಲ್ಲಿದೆಯಾ, ಚೂರು ಕೆಳಗಿದೆಯಾ ನೋಡಿ. ಎರಡನ್ನೂ ಪಕ್ಕ ಪಕ್ಕದ ಲೇನ್‌ಗಳಲ್ಲಿ, ಶೇಕಡಾ 7.5ರ ಅಥವಾ 8ರ ಜೆಲ್‌ನಲ್ಲಿ, ಬಣ್ಣದ ಗೆರೆ ಹೊರಗೆ ಹೋದ ಮೇಲೂ ಸ್ವಲ್ಪ ಹೊತ್ತು ಓಡಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 4ರಿಂದ 20ರ ಗ್ರೇಡಿಯೆಂಟ್ ಜೆಲ್‌ನಲ್ಲಿ ಕಾಣುವುದು ಕಷ್ಟ.

ಈಗ ನೀವು ಮಾಡಲೇಬೇಕಾದ ಪ್ರಯೋಗ. ಹೊಸ ಆಂಟಿಬಾಡಿಯ ದುಡ್ಡಿನ ಮುಂದೆ ಇದರ ಖರ್ಚು ಏನೇನೂ ಅಲ್ಲ. ಸೆಲ್‌ಗಳನ್ನು ರಾತ್ರಿಯಿಡೀ ಸೀರಮ್ ಇಲ್ಲದೆ ಅಥವಾ ತೀರಾ ಕಡಿಮೆ ಸೀರಮ್‌ನಲ್ಲಿ ಇಡಿ. ಬೆಳಿಗ್ಗೆ ಎಬ್ಬಿಸಿ, ಇಲ್ಲಿ ಟ್ರಿಪ್ಸಿನ್ ಪರವಾಗಿಲ್ಲ, ಎಬ್ಬಿಸುವುದೇ ಉದ್ದೇಶ. ಆದರೆ ಟ್ರಿಪ್ಸಿನ್ ನಿಲ್ಲಿಸಲು ಸೀರಮ್ ಹಾಕಬೇಡಿ, ಸೋಯಾಬೀನ್ ಟ್ರಿಪ್ಸಿನ್ ಇನ್ಹಿಬಿಟರ್ ಹಾಕಿ. ಸೀರಮ್‌ನಲ್ಲೇ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಇರುತ್ತವೆ, ಪ್ರಯೋಗ ಅಲ್ಲಿಗೇ ಕೆಡುತ್ತದೆ. ಬಿಎಸ್ಎ ಇರುವ ಮೀಡಿಯಾದಲ್ಲಿ, ಅಂಟದ ಡಿಶ್‌ನಲ್ಲಿ, 37 ಡಿಗ್ರಿಯಲ್ಲಿ ಒಂದು ಗಂಟೆ ಹತ್ತಿರ ತೇಲಲು ಬಿಡಿ. ಆಮೇಲೆ ಒಂದು ಪಾಲನ್ನು ಹಾಗೇ ತೇಲುತ್ತಿರುವಾಗಲೇ ಲೈಸಿಸ್ ಮಾಡಿ. ಒಂದು ಪಾಲನ್ನು ಮಿಲಿಲೀಟರ್‌ಗೆ 10 ಮೈಕ್ರೋಗ್ರಾಂ ಫೈಬ್ರೊನೆಕ್ಟಿನ್ ಲೇಪಿಸಿದ ಡಿಶ್‌ಗೆ ಹಾಕಿ, 15, 30, 60 ನಿಮಿಷಕ್ಕೆ ಲೈಸಿಸ್ ಮಾಡಿ. ಇನ್ನೊಂದು ಪಾಲನ್ನು ಪಾಲಿಲೈಸಿನ್ ಲೇಪಿಸಿದ ಡಿಶ್‌ಗೆ. ಪಾಲಿಲೈಸಿನ್ ಮೇಲೂ ಸೆಲ್‌ಗಳು ಅಂಟುತ್ತವೆ, ಆದರೆ ಬರೀ ವಿದ್ಯುದಾವೇಶದ ಸೆಳೆತದಿಂದ, ಇಂಟೆಗ್ರಿನ್‌ಗೆ ಅಲ್ಲಿ ಕೆಲಸವಿಲ್ಲ.

ಆಂಟಿಬಾಡಿ ಸರಿಯಿದ್ದರೆ ತೇಲುವ ಲೇನ್‌ನಲ್ಲಿ ಬ್ಯಾಂಡ್ ಕುಗ್ಗಿರಬೇಕು, ಫೈಬ್ರೊನೆಕ್ಟಿನ್ ಲೇನ್‌ಗಳಲ್ಲಿ ಮತ್ತೆ ಏರಬೇಕು, ಪಾಲಿಲೈಸಿನ್ ಲೇನ್‌ನಲ್ಲಿ ಅಷ್ಟು ಏರಬಾರದು. ಎಲ್ಲ ಲೇನ್‌ಗಳಲ್ಲೂ ಒಟ್ಟು ಫ್ಯಾಕ್ ಒಂದೇ ಸಮ ಇರಬೇಕು. ಈ ಒಂದು ಚಿತ್ರ ನಿಮ್ಮ ಕೈಯಲ್ಲಿದ್ದರೆ ಯಾವ ವಿಮರ್ಶಕರೂ ಆಂಟಿಬಾಡಿ ಬಗ್ಗೆ ತಕರಾರು ತೆಗೆಯುವುದು ಕಷ್ಟ. ಡೇಟಾಶೀಟ್‌ನಲ್ಲಿರುವ ಚೆಂದದ ಒಂದೇ ಬ್ಯಾಂಡ್‌ಗಿಂತ ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ.

ಆಂಟಿಬಾಡಿ ಹಿಡಿಯುತ್ತಿರುವುದು ಫಾಸ್ಫೇಟ್ ಇರುವ ರೂಪವನ್ನೇನಾ ಅಂತ ನೋಡಲು ಲ್ಯಾಂಬ್ಡಾ ಫಾಸ್ಫಟೇಸ್ ಇದೆ. ಒಂದೇ ಲೈಸೇಟ್ ಅನ್ನು ಎರಡು ಕಡೆ ಓಡಿಸಿ, ಮೆಂಬ್ರೇನ್ ಕತ್ತರಿಸಿ, ಒಂದು ತುಂಡಿಗೆ ಮ್ಯಾಂಗನೀಸ್ ಇರುವ ಬಫರ್‌ನಲ್ಲಿ ಈ ಎನ್‌ಜೈಮ್ ಹಾಕಿ, ಇನ್ನೊಂದಕ್ಕೆ ಬರೀ ಬಫರ್. ಲೈಸೇಟ್‌ಗೆ ನೇರವಾಗಿ ಹಾಕಬೇಡಿ, ನೀವು ಕಷ್ಟಪಟ್ಟು ಕುದಿಸಿದ ವನಡೇಟ್ ಈ ಎನ್‌ಜೈಮನ್ನೂ ತಡೆದುಬಿಡುತ್ತದೆ. 125ರ ಬ್ಯಾಂಡ್ ಮಾಯವಾಗಬೇಕು. ಮಾಯವಾಗದ ಬ್ಯಾಂಡ್ ಯಾವುದೇ ಇರಲಿ, ಅದಕ್ಕೂ ಫಾಸ್ಫೇಟಿಗೂ ಸಂಬಂಧ ಇಲ್ಲ.

ಇನ್ಹಿಬಿಟರ್ ಬಗ್ಗೆ ಇನ್ನೆರಡು ಮಾತು. ಯಾವುದು ಹಾಕುತ್ತೀರಿ ಅಂತ ಬರೆದಿಲ್ಲ. ಪಿಎಫ್-573228 ಆದರೆ ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಮಟ್ಟದಲ್ಲಿ 397 ಇಳಿಯುವುದು ಕಾಣಬೇಕು. ಗಂಟೆಗಟ್ಟಲೆ ಕಾಯುವ ಅಗತ್ಯವಿಲ್ಲ. ಇದು ಒಟ್ಟು ಫ್ಯಾಕ್ ಅನ್ನು ಕಡಿಮೆ ಮಾಡುವ ಔಷಧಿಯಲ್ಲ, ಫಾಸ್ಫೇಟ್ ಮಾತ್ರ ಇಳಿಸುತ್ತದೆ. ನಿಮ್ಮ ಚಿತ್ರದಲ್ಲಿ ಬ್ಯಾಂಡ್ ಕಪ್ಪು ಇಟ್ಟಿಗೆಯ ಹಾಗೆ ಕೂತಿದ್ದರೆ ಸಿಗ್ನಲ್ ಮಿತಿ ಮೀರಿದೆ ಅಂತ ಅರ್ಥ, ಅರ್ಧ ಇಳಿದರೂ ಕಣ್ಣಿಗೆ ಗೊತ್ತಾಗದು. ಕಡಿಮೆ ಎಕ್ಸ್‌ಪೋಷರ್‌ನ ಚಿತ್ರದಲ್ಲೇ ಅಳತೆ ಮಾಡಿ.

ಬ್ಲಾಟ್ ವಿಧಾನದಲ್ಲಿ ಹೇಳಲು ಹೆಚ್ಚೇನಿಲ್ಲ. ದೊಡ್ಡ ಪ್ರೋಟೀನ್ ಆದ್ದರಿಂದ ವೆಟ್ ಟ್ರಾನ್ಸ್‌ಫರ್ ಮಾಡಿ. ಬ್ಲಾಕಿಂಗ್‌ಗೆ ಹಾಲಿನ ಪುಡಿ ಬದಲು ಶೇಕಡಾ 5 ಬಿಎಸ್ಎ, ಹಾಲಿನ ಕೇಸೀನ್‌ನಲ್ಲೇ ಫಾಸ್ಫೇಟ್ ಇದೆ. ಕೆಲವು ಫಾಸ್ಫೋ ಆಂಟಿಬಾಡಿಗಳು ಹಾಲಿನಲ್ಲೂ ಸೊಗಸಾಗಿ ಕೆಲಸ ಮಾಡುತ್ತವೆ, ಆದರೆ ಈಗಾಗಲೇ ತೊಂದರೆಯಲ್ಲಿರುವಾಗ ಆ ಜೂಜು ಬೇಡ. ಆಂಟಿಬಾಡಿಯನ್ನು ಮತ್ತೆ ಬಳಸಲು ಅಜೈಡ್ ಹಾಕಿ ಇಡುತ್ತೀರಾದರೆ ಅದು ಪ್ರೈಮರಿಗೆ, ಅಂದರೆ ಫ್ಯಾಕ್ ಹಿಡಿಯುವ ಮೊದಲ ಆಂಟಿಬಾಡಿಗೆ ಮಾತ್ರ. ಅದನ್ನು ಹಿಡಿಯುವ, ಬ್ಯಾಂಡ್ ಕಾಣಿಸುವ ಎಚ್‌ಆರ್‌ಪಿ ಎನ್‌ಜೈಮ್ ಸೇರಿಸಿದ ಸೆಕೆಂಡರಿಗೆ ಹಾಕಿದರೆ ಎನ್‌ಜೈಮ್ ಸಾಯುತ್ತದೆ, ಬ್ಲಾಟ್ ಖಾಲಿ ಬರುತ್ತದೆ. ಎಲ್ಲ ಲೇನ್‌ಗಳಲ್ಲೂ ಪ್ರೋಟೀನ್ ಸಮ ಇದೆಯಾ ಅಂತ ನೋಡುವ ಲೋಡಿಂಗ್ ಕಂಟ್ರೋಲ್‌ಗೆ ವಿಂಕ್ಯುಲಿನ್ ಪ್ರೋಟೀನ್ ಬೇಡ, ಅದು 117ರಲ್ಲಿ ಬಂದು ಫ್ಯಾಕ್‌ಗೇ ಡಿಕ್ಕಿ ಹೊಡೆಯುತ್ತದೆ.

ಫಾಸ್ಫೋ ನೋಡಿದ ಮೆಂಬ್ರೇನನ್ನೇ ಸ್ಟ್ರಿಪ್ ಮಾಡಿ ಒಟ್ಟು ಫ್ಯಾಕ್ ನೋಡುವ ಪದ್ಧತಿ ನನಗೆ ಇಷ್ಟವಿಲ್ಲ. ಎರಡೂ ಒಂದೇ ಜಾಗದಲ್ಲಿ ಬರುತ್ತವೆ. ಹಳೆಯ ಆಂಟಿಬಾಡಿ ಪೂರ್ತಿ ಹೋಗದಿದ್ದರೆ ನೀವು ನೋಡುವುದು ಹಳೆಯ ಬ್ಯಾಂಡನ್ನೇ. ಜಾಸ್ತಿ ಉಜ್ಜಿದರೆ ಪ್ರೋಟೀನೇ ಹೋಗುತ್ತದೆ. ಮೊಲದ ಫಾಸ್ಫೋ ಆಂಟಿಬಾಡಿ, ಇಲಿಯ ಒಟ್ಟು ಫ್ಯಾಕ್ ಆಂಟಿಬಾಡಿ ಎರಡನ್ನೂ ಒಟ್ಟಿಗೆ ಹಾಕಿ, ಎರಡು ಬಣ್ಣದ ಫ್ಲೋರೊಸೆಂಟ್ ಸೆಕೆಂಡರಿಗಳಿಂದ ಓದುವುದು ಉತ್ತಮ. ಆ ಯಂತ್ರ ಇಲ್ಲದಿದ್ದರೆ ಒಂದೇ ದಿನ ಒಂದೇ ಸ್ಯಾಂಪಲ್‌ನ ಎರಡು ಜೆಲ್ ಓಡಿಸಿ.

ಇಷ್ಟಾದ ಮೇಲೂ ಹೊಸದು ಬೇಕು ಅನ್ನಿಸಿದರೆ, ರಿಕಾಂಬಿನೆಂಟ್ ಮೊನೊಕ್ಲೋನಲ್ ತೆಗೆದುಕೊಳ್ಳಿ. ಅದರ ಜೀನ್ ಅನುಕ್ರಮ ಕಂಪನಿಯ ಬಳಿ ಇರುತ್ತದೆ, ಈ ಲಾಟ್ ಮುಗಿದರೆ ಮುಂದಿನ ಲಾಟ್ ಕೂಡ ಅದೇ ಅಣು. ಪ್ರಾಣಿಯ ರಕ್ತದಿಂದ ತೆಗೆಯುವ ಪಾಲಿಕ್ಲೋನಲ್‌ನಲ್ಲಿ ಪ್ರಾಣಿ ಬದಲಾದರೆ ಆಂಟಿಬಾಡಿಯೇ ಬದಲು. ಯಚಾರೋಸ್ (YCharOS) ಅನ್ನುವ ತಂಡ ಕೆಲವು ವರ್ಷಗಳ ಹಿಂದೆ 65 ಪ್ರೋಟೀನ್‌ಗಳ 614 ಆಂಟಿಬಾಡಿಗಳನ್ನು, ಆಯಾ ಜೀನ್ ತೆಗೆದ ಸೆಲ್‌ಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿತ್ತು. ರಿಕಾಂಬಿನೆಂಟ್‌ಗಳೇ ಒಟ್ಟಾರೆ ಮುಂದಿದ್ದವು. ಅವು ಹೆಚ್ಚಾಗಿ ನರವಿಜ್ಞಾನದ ಪ್ರೋಟೀನ್‌ಗಳು, ಆದರೂ ಆಯ್ಕೆ ಮಾಡುವಾಗ ಈ ಮಾತು ನೆನಪಿರಲಿ. ಡೇಟಾಶೀಟ್‌ನಲ್ಲಿ ಪೈಕ್2 ಬಗ್ಗೆ ಏನು ಬರೆದಿದ್ದಾರೆ ಹುಡುಕಿ. ಒಂದು ಸಾಲೂ ಇಲ್ಲದಿದ್ದರೆ ಕೊಳ್ಳುವ ಮೊದಲೇ ಮೇಲ್ ಹಾಕಿ ಕೇಳಿ. ವೆಸ್ಟರ್ನ್‌ಗೆ ಪಾಸಾದದ್ದು ಇಮ್ಯುನೊಫ್ಲೋರೊಸೆನ್ಸ್‌ಗೂ (ಹೊಳೆಯುವ ಆಂಟಿಬಾಡಿಯಿಂದ ಸೆಲ್‌ನಲ್ಲೇ ಪ್ರೋಟೀನ್ ನೋಡುವ ವಿಧಾನ) ಪಾಸು ಅಂತ ಅಂದುಕೊಳ್ಳಬೇಡಿ. ಅಲ್ಲಿ ಸೆಲ್ ಅಂಟಿದ ಜಾಗದಲ್ಲಿರುವ ಪ್ಯಾಕ್ಸಿಲಿನ್ ಪ್ರೋಟೀನ್ ಜೊತೆ ಸೆಲ್‌ನ ಅಂಚಿನಲ್ಲಿ ಚಿಕ್ಕ ಗೆರೆಗಳಾಗಿ ಕಾಣುತ್ತದಾ ಅಂತ ಬೇರೆಯೇ ನೋಡಬೇಕು.

ಕ್ರಮ ಹೀಗಿರಲಿ. ಮೊದಲು ಟ್ರಿಪ್ಸಿನ್ ಬಿಟ್ಟು, ಬಿಸಿ ಎಸ್‌ಡಿಎಸ್‌ನಲ್ಲಿ ಲೈಸಿಸ್ ಮಾಡಿ ಒಂದು ಬ್ಲಾಟ್. ಆಮೇಲೆ ತೇಲುವ ಮತ್ತು ಅಂಟಿದ ಸೆಲ್‌ಗಳ ಪ್ರಯೋಗ, ಜೊತೆಗೆ ಲ್ಯಾಂಬ್ಡಾ ಫಾಸ್ಫಟೇಸ್. ಫಾಸ್ಫಟೇಸ್ ಹಾಕಿದ ತುಂಡಿನಲ್ಲೂ 125ರ ಬ್ಯಾಂಡ್ ಅಲ್ಲಾಡದೆ ನಿಂತಿದ್ದರೆ, ಎನ್‌ಜೈಮ್ ಕೆಲಸ ಮಾಡಿದೆ ಅಂತ ಬೇರೊಂದು ಫಾಸ್ಫೋ ಆಂಟಿಬಾಡಿಯಿಂದ ತೋರಿಸಿ, ಎರಡು ತುಂಡುಗಳ ಪೂರ್ತಿ ಚಿತ್ರ ಮಾರ್ಕರ್ ಸಮೇತ, ಲಾಟ್ ನಂಬರ್ ಬರೆದು ಕಂಪನಿಗೆ ಕಳಿಸಿ, ಬದಲಿ ಕೇಳಿ. ಬರೀ "ಕೆಲಸ ಮಾಡುತ್ತಿಲ್ಲ" ಅಂತ ಬರೆದರೆ ಅವರು ಮೊದಲು ಕೇಳುವುದು ನಾನು ಕೇಳಿದ್ದನ್ನೇ, ಲೈಸಿಸ್ ಹೇಗೆ ಮಾಡಿದಿರಿ ಅಂತ.